ಗಾಜಿನಣ್ಣನ ಮನೆಗೆ ಕಳ್ಳ ಬಂದದ್ದು

ದೀಪದ ಬುಡದಲ್ಲಿ ಕತ್ತಲೆ ಅಂತ ಹಿರಿಯರು ಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ, ತಲೆಯಾಡಿಸಿದ್ದೇವೆ, ಮರೆತಿದ್ದೇವೆ. ಆ ಮಾತಿಗೇ ಕೈಕಾಲು ಮೂಡಿ, ಹೆಗಲಿಗೊಂದು ಚೀಲ ಹಾಕಿಕೊಂಡು ಪರದೇಶದ ಬೀದಿಯಲ್ಲಿ ಓಡಾಡಿದರೆ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ನಮ್ಮ ಗಾಜಿನಣ್ಣನನ್ನು ನೋಡಬೇಕು.

ಗಾಜಿನಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಆ ದೂರದೇಶದಲ್ಲಿ ಕಿಟಕಿಗಳಿಗೆ ಗಾಜು ಕೂರಿಸುವ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ನಮ್ಮ ಭಾಷೆಯವರು ನಾಲ್ಕು ಜನ ಸೇರಿದ ಕಡೆ ಯಾರೋ ಹಾಗೆ ಕರೆದರು, ಅದೇ ನಿಂತುಹೋಯಿತು. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಕಿಟಕಿ ಕಂಡರೆ ಸಾಕು, ಕೈ ತಾನಾಗಿ ಸೊಂಟದಲ್ಲಿ ಸಿಕ್ಕಿಸಿದ ಅಳತೆ ಟೇಪಿಗೆ ಹೋಗುತ್ತದೆ. ಯಾರಾದರೂ ಊಟಕ್ಕೆ ಕರೆದರೆ ಮನೆಯವರ ಯೋಗಕ್ಷೇಮಕ್ಕಿಂತ ಮೊದಲು ಅವರ ಕಿಟಕಿಯ ಯೋಗಕ್ಷೇಮ ವಿಚಾರಿಸುತ್ತಾನೆ. ಅಂಥವನ ಸ್ವಂತ ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ ವರ್ಷಗಟ್ಟಲೆಯಿಂದ ಒಂದು ಬಿರುಕು.

"ಈ ಭಾನುವಾರ ಹಾಕಿಬಿಡ್ತೀನಿ ಕಣೇ" ಅನ್ನುತ್ತಿದ್ದ. ಭಾನುವಾರ ಬರುತ್ತಿತ್ತು, ಹೋಗುತ್ತಿತ್ತು. ಬಿರುಕು ಒಂದಿಷ್ಟು ಉದ್ದವಾಗುತ್ತಿತ್ತು. ಚಳಿಗಾಲ ಬಂದಾಗಲೆಲ್ಲ ಹೆಂಡತಿ ಅದರ ಮೇಲೆ ಅಂಟು ಟೇಪಿನ ಇನ್ನೊಂದು ಪಟ್ಟಿ ಎಳೆಯುತ್ತಿದ್ದಳು. ಮೊದಮೊದಲು ಬೈಯುತ್ತಾ ಎಳೆಯುತ್ತಿದ್ದಳು, ಆಮೇಲಾಮೇಲೆ ಸುಮ್ಮನೆ ಎಳೆಯತೊಡಗಿದಳು. ಹೆಂಡತಿ ಬೈಯುವುದು ನಿಲ್ಲಿಸಿದಳೆಂದರೆ ಸಂಸಾರ ಸುಖವಾಗಿದೆ ಎಂದು ನಂಬುವ ಗಂಡಸರ ಪಂಗಡಕ್ಕೆ ಸೇರಿದವನು ಗಾಜಿನಣ್ಣ.

ಹೀಗಿರುವಾಗ ಅತ್ತೆಗೆ ಮಂಡಿನೋವು ಜಾಸ್ತಿಯಾಯಿತೆಂದು ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೊರಟಳು. ಮಗಳಿಗೆ ಶಾಲೆಯ ರಜೆಯೂ ಇತ್ತು. ಸೂಟ್‌ಕೇಸುಗಳನ್ನು ವಿಮಾನ ನಿಲ್ದಾಣದಲ್ಲಿ ವ್ಯಾನಿನಿಂದ ಇಳಿಸುವಾಗ ಗಾಜಿನಣ್ಣನ ಸೊಂಟ ಹಿಡಿದುಕೊಂಡಿತು.

"ಏನೇ ಇದು, ಮನೇನೇ ತುಂಬಿಕೊಂಡು ಹೊರಟಿದ್ದೀಯಾ?"

"ಹೂಂ" ಅಂದಳು ಹೆಂಡತಿ.

ಅವನು ನಕ್ಕ. ಅವಳು ನಗಲಿಲ್ಲ. ಅವಳು ನಗದಿದ್ದದ್ದನ್ನು ಅವನು ನೋಡಲಿಲ್ಲ, ಯಾಕೆಂದರೆ ವಿಮಾನ ನಿಲ್ದಾಣದ ಮುಂಭಾಗಕ್ಕೆ ಹಾಕಿದ್ದ ದೊಡ್ಡ ಗಾಜನ್ನು ಯಾರು ಕೂರಿಸಿದ್ದಾರೋ ಅಂತ ನೋಡುತ್ತಿದ್ದ.

ಅವರು ಹೋದ ಮೇಲೆ ಗಾಜಿನಣ್ಣ ಮಲಗುವ ಕೋಣೆಯ ಕಡೆ ತಲೆ ಹಾಕಲಿಲ್ಲ. ಟಿವಿ ಮುಂದಿನ ಸೋಫಾದಲ್ಲೇ ನಿದ್ದೆ, ಕುರ್ಚಿಯ ಬೆನ್ನೇ ಬಟ್ಟೆಯ ಬೀರು. ಫೋನಿನಲ್ಲಿ ಹೆಂಡತಿ "ಅಮ್ಮನಿಗೆ ಇನ್ನೂ ವಾಸಿಯಾಗಿಲ್ಲ" ಅನ್ನುವಳು, ಇವನು "ನಿಧಾನವಾಗಿ ಬಾ, ಇಲ್ಲಿ ನಂದೇನೂ ತೊಂದರೆ ಇಲ್ಲ" ಅನ್ನುವನು. ದೊಡ್ಡ ಮನಸ್ಸಿನ ಮಾತು ಆಡಿದೆ ಎಂದು ತನ್ನನ್ನೇ ಮೆಚ್ಚಿಕೊಳ್ಳುವನು.

ಒಂದು ದಿನ ಅಂಗಡಿಯ ಯಜಮಾನರು, "ಯಾರೋ ಒಬ್ಬ ಮುದುಕಿ ಫೋನ್ ಮಾಡಿದ್ದರು. ಒಂದು ಮನೆಯ ಹಿಂದಿನ ಕಿಟಕಿ ಒಡೆದಿದೆಯಂತೆ, ಹೋಗಿ ಅಳತೆ ತಗೊಂಡು ಬಾ" ಎಂದು ವಿಳಾಸ ಹೇಳಿ ಕಳಿಸಿದರು. ಗಾಜಿನಣ್ಣ ವ್ಯಾನು ಹತ್ತಿದ. ಬೀದಿಗೆ ತಿರುಗಿದಾಗ 'ಇದು ನಮ್ಮ ಬೀದಿಯ ಥರಾನೇ ಇದೆಯಲ್ಲ' ಅನ್ನಿಸಿತು. ಮನೆಯ ಮುಂದೆ ಇಳಿದಾಗ 'ಈ ಬಾಗಿಲಿಗೂ ನಮ್ಮ ಬಾಗಿಲಿನ ಬಣ್ಣವೇ' ಅನ್ನಿಸಿತು. ಸುತ್ತಿಕೊಂಡು ಹಿಂದಕ್ಕೆ ಹೋಗಿ, ಚೌಕಟ್ಟಿಗೆ ಟೇಪು ಹಿಡಿದು ಅಗಲ ನೋಡಿ, ಉದ್ದ ನೋಡಿ, ಮೂಲೆಯಲ್ಲಿ ಜೋತಾಡುತ್ತಿದ್ದ ಅಂಟು ಟೇಪಿನ ಪಟ್ಟಿಗಳನ್ನು ಕಂಡು, "ಥೂ, ಎಂಥ ಸೋಮಾರಿ ಇರಬೇಕು ಈ ಮನೆ ಗಂಡಸು!" ಎಂದು ಗಟ್ಟಿಯಾಗಿಯೇ ಹೇಳಿದ. ಆಮೇಲೆ ಒಳಗೆ ಇಣುಕಿದ. ಒಲೆಯ ಮೇಲೆ ತಾನು ಬೆಳಿಗ್ಗೆ ಚಹಾ ಉಕ್ಕಿಸಿದ್ದ ಪಾತ್ರೆ ಹಾಗೇ ಕೂತಿತ್ತು.

"ಅಯ್ಯೋ! ಇದು ನಮ್ಮನೇನೇ!"

"ಇಷ್ಟು ಹೊತ್ತು ಬೇಕಾಯಿತಾ?" ಅಂತ ಪಕ್ಕದ ಬೇಲಿಯಾಚೆಯಿಂದ ಒಂದು ದನಿ ಬಂತು. ಪಕ್ಕದ ಮನೆಯ ಅಜ್ಜಿ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಈಗ ಇಡೀ ಬೀದಿಯೇ ಅವರ ತರಗತಿ. "ನಿನ್ನ ನಂಬರು ನನ್ನ ಹತ್ತಿರ ಇಲ್ಲ. ವ್ಯಾನಿನ ಮೇಲೆ ಬರೆದಿರುತ್ತಲ್ಲ, ಅದಕ್ಕೆ ಫೋನ್ ಮಾಡಿದೆ. ಪೊಲೀಸಿಗೂ ಹೇಳಿದ್ದೀನಿ. ನೀನು ಗಾಬರಿಯಿಂದ ಓಡಿ ಬರ್ತೀಯ ಅಂದುಕೊಂಡರೆ ಟೇಪು ಹಿಡಿದುಕೊಂಡು ಬಂದೆಯಲ್ಲಪ್ಪಾ!"

ಅಷ್ಟರಲ್ಲಿ ಪೊಲೀಸಿನವರೂ ಬಂದರು. ಆ ದೇಶದಲ್ಲಿ ಅವರ ಹುದ್ದೆಗೆ ಏನನ್ನುತ್ತಾರೋ, ನಾವು ಜಮಾದಾರರು ಅನ್ನೋಣ. ಭಾರೀ ಮೈಕಟ್ಟು, ಸಣ್ಣ ದನಿ. ಗಾಜಿನಣ್ಣ ಬಾಗಿಲು ತೆಗೆದು ಎಲ್ಲರನ್ನೂ ಒಳಗೆ ಕರೆದ. ಹೆಗಲ ಚೀಲ ಎಲ್ಲಿಡಲಿ ಅಂತ ನೋಡಿದರೆ ಬಾಗಿಲ ಹಿಂದಿನ ಮೊಳೆ ಖಾಲಿ ಇತ್ತು, ಅನುಕೂಲವೇ ಆಯಿತೆಂದು ಅಲ್ಲಿ ನೇತುಹಾಕಿದ.

"ಏನೇನು ಹೋಗಿದೆ ನೋಡಿ ಹೇಳಿ" ಅಂದರು ಜಮಾದಾರರು.

ಟಿವಿ ಇತ್ತು. ರೇಡಿಯೋ ಇತ್ತು. ಗಾಜಿನಣ್ಣ ಮಲಗುವ ಕೋಣೆಗೆ ಹೋದ, ಬೀರುವಿನ ಬಾಗಿಲು ತೆಗೆದ, ಒಂದು ಕೂಗು ಹಾಕಿದ. ಅಜ್ಜಿ ಮತ್ತು ಜಮಾದಾರರು ಓಡಿ ಬಂದರು. ಬೀರು ಬೋಳು. ಹೆಂಡತಿಯ ಕಡೆಯ ಅರ್ಧದಲ್ಲಿ ಹ್ಯಾಂಗರುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು.

"ಎಲ್ಲಾ ಹೋಯಿತು ಸಾರ್! ಅವಳ ಬಟ್ಟೆ ಒಂದೂ ಇಲ್ಲ. ಮಗಳ ಸ್ವೆಟರು, ನೀಲಿ ಹೊದಿಕೆ... ಅಯ್ಯೋ, ಗೋಡೆ ಮೇಲಿದ್ದ ಮದುವೆ ಫೋಟೋ!"

ಗೋಡೆಯ ಮೇಲೆ ಫೋಟೋ ಇದ್ದ ಜಾಗದಲ್ಲಿ ಬಣ್ಣ ಮಾಸದ ಒಂದು ಚೌಕ ಉಳಿದಿತ್ತು. ಮಗಳ ಕೋಣೆಯಲ್ಲಿ ಗೊಂಬೆ ಇರಲಿಲ್ಲ, ಅವಳು ಮೊದಲ ಬಾರಿ ಬಣ್ಣ ಬಳಿದು ಅಂಟಿಸಿದ್ದ ಆನೆಯ ಚಿತ್ರವೂ ಇರಲಿಲ್ಲ. ನಾಲ್ಕು ಮೂಲೆಯ ಅಂಟು ಮಾತ್ರ ಇತ್ತು, ಹರಿಯದಂತೆ ನಾಜೂಕಾಗಿ ಬಿಡಿಸಿದ್ದಾರೆ.

ಜಮಾದಾರರು ಆ ಅಂಟಿನ ಗುರುತನ್ನು ಬಹಳ ಹೊತ್ತು ನೋಡಿದರು.

"ಟಿವಿ ಬಿಟ್ಟು ಆನೆ ಚಿತ್ರ ತಗೊಂಡು ಹೋದ ಕಳ್ಳನನ್ನು ನನ್ನ ಸರ್ವೀಸಿನಲ್ಲಿ ನೋಡಿಲ್ಲ" ಅಂದರು. "ನಿಮ್ಮ ಮನೆಯವರು ಎಲ್ಲಿದ್ದಾರೆ?"

"ತವರಿಗೆ ಹೋಗಿದ್ದಾಳೆ ಸಾರ್."

"ಯಾವಾಗ ಬರ್ತಾರೆ?"

"ಬರ್ತಾಳೆ, ಬರ್ತಾಳೆ. ಅವರಮ್ಮನಿಗೆ ವಾಸಿಯಾಗಲಿ."

ಜಮಾದಾರರು ಅಜ್ಜಿಯ ಮುಖ ನೋಡಿದರು. ಅಜ್ಜಿ ಕಿಟಕಿಯ ಕಡೆ ತಿರುಗಿಕೊಂಡರು.

"ನಿಮ್ಮದು ಏನಾದರೂ ಹೋಗಿದೆಯಾ?" ಜಮಾದಾರರ ದನಿ ಇನ್ನೂ ಸಣ್ಣಗಾಗಿತ್ತು.

"ನಂದೇನಿದೆ ಸಾರ್ ಹೋಗೋಕೆ! ಬರೀ ನನ್ನ ಹೆಂಡತಿ ಮಗಳ ಸಾಮಾನೇ ನೋಡಿ ನೋಡಿ ತಗೊಂಡಿದ್ದಾನೆ. ಕಟುಕ!"

"ಒಂದು ಮಾತು ಹೇಳ್ತೀನಿ" ಎಂದರು ಜಮಾದಾರರು. ಯಾಕೋ ಹೇಳಲಿಲ್ಲ. "ನಿಮ್ಮ ಮನೆಯವರಿಗೆ ಒಂದು ಫೋನ್ ಮಾಡಿ" ಅಂತಷ್ಟೇ ಹೇಳಿ ಹೋದರು. ಅಜ್ಜಿ ಹೋಗುವಾಗ ಅವನ ಬೆನ್ನು ತಟ್ಟಿದರು. ಎಂಥ ಒಳ್ಳೆಯ ಜನ, ಹೊದಿಕೆ ಕಳೆದವನಿಗೆ ಮನೆಯೇ ಕಳೆದವನಿಗೆ ತೋರಿಸುವಷ್ಟು ಮರುಕ ತೋರಿಸುತ್ತಾರಲ್ಲ ಎಂದು ಗಾಜಿನಣ್ಣನಿಗೆ ಕಣ್ಣು ತುಂಬಿತು.

ಫೋನೇನೋ ಮಾಡಬೇಕು. ಆದರೆ ಮಾಡುವುದು ಹೇಗೆ? ಕಳೆದ ಸಲ ಊರಿಗೆ ಹೋಗಿದ್ದಾಗ ಹೆಂಡತಿಯ ಸೋದರಮಾವ ಬಾಗಿಲಿಗೆ ಬೀಗ ಹಾಕಿ, ಆ ಬೀಗವನ್ನು ಜಗ್ಗಿ ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಜಗ್ಗಿದ್ದನ್ನು ಕಂಡು ಇವನು ಎಲ್ಲರೆದುರು ನಕ್ಕಿದ್ದ. "ನಮ್ಮ ಕಡೆ ಬೀಗ ಅನ್ನೋದೇ ಇಲ್ಲ ಮಾವಾ. ಬಾಗಿಲು ತೆರೆದಿಟ್ಟು ಹೋದರೂ ಒಂದು ಕಡ್ಡಿ ಅಲ್ಲಾಡಲ್ಲ." ಹೆಂಡತಿಗೆ ಮೊದಲೇ ಆ ದೇಶದಲ್ಲಿ ಮನೆಯೊಳಗೆ ಒಬ್ಬಳೇ ಇರುವುದೆಂದರೆ ಪುಕ್ಕಲು. ಕಳ್ಳ ಬಂದಿದ್ದ ಅಂತ ತಿಳಿದರೆ ವಾಪಸು ಬಂದಾಳೇ? ಆದ್ದರಿಂದ ಹೋದದ್ದೆಲ್ಲವನ್ನೂ ಇದ್ದ ಹಾಗೇ ಕೊಂಡು ತಂದಿಟ್ಟುಬಿಟ್ಟರೆ ಅವಳಿಗೆ ಗೊತ್ತೇ ಆಗುವುದಿಲ್ಲ! ಇಂಥ ಉಪಾಯ ಹೊಳೆದದ್ದಕ್ಕೆ ಗಾಜಿನಣ್ಣ ತನ್ನ ತಲೆಯನ್ನು ತಾನೇ ಸವರಿಕೊಂಡ. ಒಂದೇ ತೊಂದರೆ, ಏನೇನು ಇತ್ತು ಅಂತ ಅವನಿಗೆ ನೆನಪಿಲ್ಲ. ಹೊದಿಕೆ ನೀಲಿ, ಸರಿ, ಯಾವ ನೀಲಿ? ಹೂವಿತ್ತೋ, ಗೆರೆ ಇತ್ತೋ? ವರ್ಷಗಟ್ಟಲೆ ಹೊದ್ದು ಮಲಗಿದ್ದಾನೆ, ನೋಡಿರಲಿಲ್ಲ.

ಹಾಗಾಗಿ ಹೆಂಡತಿಯನ್ನೇ ಕೇಳಿದ.

"ಅದೇ ಕಣೇ, ನಮ್ಮ ನೀಲಿ ಹೊದಿಕೆ. ಅದರ ಅಂಚು ಯಾವ ಬಣ್ಣ?"



"ಯಾಕೆ?" ಅಂದಳು ಹೆಂಡತಿ.

"ಸುಮ್ನೆ. ನೆನಪಾಯಿತು."

ಮಾರನೆಯ ದಿನ, "ಮಗಳ ಗೊಂಬೆಗೆ ಕೂದಲು ಇತ್ತಾ?" ಅದೇ ಸಂಜೆ, "ಮದುವೆ ಫೋಟೋದಲ್ಲಿ ನಾನು ನಿಂತಿದ್ದೆನೋ ಕೂತಿದ್ದೆನೋ? ಅಗಲ ನನಗೆ ಗೊತ್ತು ಬಿಡು, ಗೋಡೆ ಮೇಲೆ ಅಳೆದಿದ್ದೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಹೆಗಲು ಮುಟ್ಟಿ ನೋಡಿಕೊಂಡವಳು ಹೆಂಡತಿ. ಹೊದಿಕೆ ಅವಳ ತೊಡೆಯ ಮೇಲೇ ಇತ್ತು. ಮದುವೆ ಫೋಟೋ ಸೂಟ್‌ಕೇಸಿನ ತಳದಲ್ಲಿತ್ತು. ಇನ್ನು ಆ ಮನೆಗೆ ಹೋಗುವುದಿಲ್ಲ ಅಂತ ತೀರ್ಮಾನ ಮಾಡಿಯೇ ಎಲ್ಲ ತುಂಬಿಕೊಂಡು ಬಂದಿದ್ದಳು. ಹೇಳಬೇಕು ಅಂತ ಪ್ರತಿ ಸಲ ಫೋನು ಎತ್ತುವಳು, ಅವನು 'ನಿಧಾನವಾಗಿ ಬಾ' ಅನ್ನುವನು, ಹೇಳದೆಯೇ ಫೋನು ಇಡುವಳು. ಈಗ ನೋಡಿದರೆ ಅವನಿಗೆ ಎಲ್ಲ ಗೊತ್ತಾಗಿದೆ, ಒಂದೊಂದೇ ಸಾಮಾನಿನ ಹೆಸರು ಹಿಡಿದು ಚುಚ್ಚುತ್ತಿದ್ದಾನೆ!

ಮನೆಯಲ್ಲಿ ಸಭೆ ಸೇರಿತು. ಅತ್ತೆ ಮಂಡಿ ಉಜ್ಜಿಕೊಳ್ಳುತ್ತಾ, "ಚಮಚ ಎಲ್ಲಿದೆ ಅಂತ ಗೊತ್ತಿಲ್ಲದ ಗಂಡಸು ಹೊದಿಕೆ ಅಂಚಿನ ಬಣ್ಣ ಕೇಳ್ತಾನೆ ಅಂದರೆ ಅವನ ಮನಸ್ಸಿನಲ್ಲಿ ಏನೋ ಇದೆ" ಅಂದರು. ಸೋದರಮಾವ, "ಫೋನು ನನಗೆ ಕೊಡಿ" ಅಂದರು. ಅವರು ಕೋರ್ಟಿನಲ್ಲಿ ವಾದಿ ಪ್ರತಿವಾದಿಗಳ ಹೆಸರು ಕೂಗುವ ಕೆಲಸದಲ್ಲಿ ತಲೆ ನರೆಸಿಕೊಂಡವರು. ನಿವೃತ್ತಿಯಾಗಿ ಬಹಳ ಕಾಲವಾಗಿದ್ದರೂ ಆ ಸುದ್ದಿ ಅವರ ಗಂಟಲಿಗೆ ಇನ್ನೂ ತಲುಪಿರಲಿಲ್ಲ.

"ಅಳಿಯಂದಿರೇ! ನಿಮಗೆ ಗೊತ್ತಾಗಿದೆ ಅಂತ ನಮಗೂ ಗೊತ್ತಾಗಿದೆ! ಇನ್ನು ಮುಚ್ಚುಮರೆ ಬೇಡ!"

ಬೀಗದ ಮಾತು ನೆನಪಾಗಿ ಗಾಜಿನಣ್ಣನ ಕಿವಿ ಬಿಸಿಯಾಯಿತು. "ಯಾರು ಹೇಳಿದರು ಮಾವಾ?"

"ಯಾರೂ ಹೇಳಬೇಕಾಗಿಲ್ಲ. ಪಂಚನಾಮೆ ಮಾಡಿದ ಹಾಗೆ ಒಂದೊಂದೇ ಕೇಳ್ತಾ ಇದ್ದೀರಲ್ಲ. ಹೋದದ್ದು ಹೋಯಿತು. ಈಗ ಏನು ಮಾಡಬೇಕು ಅಂತಿದ್ದೀರಿ?"

"ಮಾಡೋದೇನು, ಪೊಲೀಸರಿಗೆ ಹೇಳಿದ್ದೀನಿ."

"ಪೊಲೀಸರಿಗಾ!" ಸೋದರಮಾವನ ಈ ಕೂಗಿಗೆ ಆ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು.

"ಮತ್ತೆ ಬಿಡ್ತೀನಾ ಮಾವಾ? ಎಲ್ಲಿ ಅಡಗಿದ್ದರೂ ಹಿಡಿದು ತರ್ತಾರೆ. ಜೊತೆಗೆ ಒಂದು ಸಣ್ಣ ಆಳೂ ಇರಬೇಕು, ಗೊಂಬೇನೂ ಬಿಟ್ಟಿಲ್ಲ."

"ಮಗೂನೂ ಸೇರಿಸಿದ್ದೀರಾ! ರೀ, ನೀವು ಮನುಷ್ಯರೇನ್ರೀ?"

"ನನ್ನನ್ನು ಯಾಕೆ ಬೈತೀರಿ ಮಾವಾ? ಕೈಗೆ ಸಿಗಲಿ, ನಾನೇ ಕಾಲು ಮುರೀತೀನಿ!"

ಅತ್ತೆ ಮಂಡಿನೋವು ಮರೆತು ಎದ್ದು ನಿಂತರು. ಸೋದರಮಾವ "ಕೋರ್ಟಿನಲ್ಲಿ ನೋಡಿಕೊಳ್ತೀನಿ!" ಎಂದು ಕೂಗಿ ಫೋನು ಕುಕ್ಕಿದರು. ಇತ್ತ ಗಾಜಿನಣ್ಣನಿಗೆ ಆಶ್ಚರ್ಯವೋ ಆಶ್ಚರ್ಯ. ತನ್ನ ಮನೆಗೆ ನುಗ್ಗಿದ ಕಳ್ಳನ ಮೇಲೆ ಈ ಜನಕ್ಕೆ ಯಾಕಿಷ್ಟು ಮಮತೆ?

ಮಾರನೆಯ ಬೆಳಿಗ್ಗೆ ಹೆಂಡತಿಯೇ ಫೋನ್ ಮಾಡಿದಳು. ದನಿ ಗಟ್ಟಿಯಾಗಿತ್ತು.

"ಪೊಲೀಸರಿಗೆ ಏನಂತ ಹೇಳಿದ್ದೀರಿ? ನನ್ನ ಮುಂದೆಯೇ ಹೇಳಿ."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗಾಜಿನಣ್ಣ ಎಲ್ಲ ಹೇಳಿದ. ತನ್ನ ಮನೆಯ ಕಿಟಕಿಯನ್ನೇ ಅಳೆದದ್ದು, ಬೋಳು ಬೀರು, ಗೋಡೆಯ ಚೌಕ, ಆನೆಯ ಚಿತ್ರದ ಅಂಟು. "ನೀನು ಹೆದರ್ತೀಯ ಅಂತ ಹೇಳಲಿಲ್ಲ ಕಣೇ. ಎಲ್ಲಾ ಹಾಗೇ ತಂದಿಡೋಣ ಅಂತಿದ್ದೆ. ಹೊದಿಕೆಗೆ ನಾಲ್ಕು ಅಂಗಡಿ ಸುತ್ತಿದೆ. ಆ ಥರದ ನೀಲಿ ಎಲ್ಲೂ ಸಿಗಲಿಲ್ಲ."

ಆ ಕಡೆ ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"ಯಾವ ಕಿಟಕಿ ಒಡೆದು ಬಂದ ಅವನು?"

"ಅಡುಗೆಮನೇದು. ಆ ಬಿರುಕು ಇತ್ತಲ್ಲ..."

"ಕಳ್ಳ ತಗೊಂಡದ್ದಲ್ಲ ಅವು" ಎಂದಳು ಹೆಂಡತಿ. "ಹೊದಿಕೆ, ಫೋಟೋ, ಗೊಂಬೆ, ಎಲ್ಲಾ ನಾನೇ ತಂದದ್ದು. ಸೂಟ್‌ಕೇಸು ಎತ್ತಿದವರು ನೀವೇ. ಮನೇನೇ ತುಂಬಿಕೊಂಡಿದ್ದೀಯಾ ಅಂತ ಕೇಳಿದಿರಿ, ಹೂಂ ಅಂದೆ. ಅದಕ್ಕಿಂತ ಬಿಡಿಸಿ ಹೇಗೆ ಹೇಳಲಿ? ನೀವು ಬೀರುವಿನ ಬಾಗಿಲು ತೆಗೆದು ನೋಡಿ ಫೋನ್ ಮಾಡ್ತೀರಿ ಅಂತ ಮೊದಲನೇ ವಾರವೆಲ್ಲ ಕಾದೆ. ನಾನು ಮನೆ ಬಿಟ್ಟು ಹೋಗಿದ್ದೀನಿ ಅಂತ ನಿಮಗೆ ತಿಳಿಯೋಕೆ ಒಬ್ಬ ಕಳ್ಳ ಬರಬೇಕಾಯಿತಲ್ಲ ರೀ."

ಫೋನು ಇಟ್ಟಳು. ಗಾಜಿನಣ್ಣ ಕಿವಿಯ ಹತ್ತಿರ ಫೋನು ಹಿಡಿದುಕೊಂಡು ಹಾಗೇ ನಿಂತಿದ್ದ. ಯಾವತ್ತೂ ಮಾತಿಗೆ ತಡಕಾಡದವನಿಗೆ ಅವತ್ತು ಒಂದು ಮಾತೂ ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು. ಸಿಕ್ಕಿದ್ದರೆ 'ಈ ಭಾನುವಾರ' ಅಂದಿರುತ್ತಿದ್ದ.

ಮೊದಲು ಪೊಲೀಸ್ ಠಾಣೆಗೆ ಹೋದ. "ಸಾರ್, ಸಾಮಾನು ಎಲ್ಲಿದೆ ಅಂತ ಗೊತ್ತಾಯಿತು. ನನ್ನ ಹೆಂಡತಿ ಹತ್ತಿರ ಇದೆ."

"ನನಗೆ ಅವತ್ತೇ ಗೊತ್ತಿತ್ತು" ಅಂದರು ಜಮಾದಾರರು.

"ಅಜ್ಜಿಗೆ?"

"ನನಗಿಂತ ಮೊದಲೇ ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ ಸಾರ್?"

"ಕಳ್ಳನನ್ನು ಹಿಡಿಯೋದು ನನ್ನ ಕೆಲಸ. ಇದನ್ನು ಹೇಳೋ ಕೆಲಸ ಸರ್ಕಾರ ನನಗೆ ಕೊಟ್ಟಿಲ್ಲ." ಜಮಾದಾರರು ಎದ್ದು ಬಾಗಿಲ ತನಕ ಬಂದರು. "ಆದರೂ ಯಾರೋ ಕಿಟಕಿ ಒಡೆದದ್ದು ನಿಜ ತಾನೇ? ಅವನು ಏನು ತಗೊಂಡ ಅಂತ ನೋಡಿ ಹೇಳಿ."

ಗಾಜಿನಣ್ಣ ಮನೆಗೆ ಬಂದು ನೋಡಿದ, ಏನೂ ಹೋದಂತೆ ಕಾಣಲಿಲ್ಲ. ಒಡೆದ ಕಿಟಕಿಗೆ ತಾನೇ ಹೊಡೆದಿದ್ದ ರಟ್ಟು ಗಾಳಿಗೆ ಪಟಪಟ ಅನ್ನುತ್ತಿತ್ತು. ಊರಿಗೆಲ್ಲ ಗಾಜು, ಮನೆಗೆ ರಟ್ಟು. ರಟ್ಟು ಕಿತ್ತ. ಚೌಕಟ್ಟಿಗೆ ಇನ್ನೂ ಹಿಡಿದುಕೊಂಡಿದ್ದ ಅಂಟು ಟೇಪನ್ನು ಉಗುರಿನಿಂದ ಎಬ್ಬಿಸತೊಡಗಿದ. ಒಂದರ ಕೆಳಗೆ ಒಂದು, ಅದರ ಕೆಳಗೆ ಇನ್ನೊಂದು. ಮೇಲಿನವು ಸೊಟ್ಟಸೊಟ್ಟಗೆ, ಹೇಗೋ ಎಳೆದು ಅಂಟಿಸಿದವು. ಕೆಳಗೆ ಹೋದಷ್ಟೂ ನೆಟ್ಟಗೆ ಇದ್ದವು. ಎಲ್ಲಕ್ಕಿಂತ ಕೆಳಗಿನ ಪಟ್ಟಿಯ ತುದಿಯನ್ನು ಕತ್ತರಿಯಿಂದ ಅಂದವಾಗಿ ಕತ್ತರಿಸಿದ್ದಳು. ಅದನ್ನು ಅಂಟಿಸಿದ ದಿನ ಅವಳಿಗೆ ಈ ಮನೆಯ ಮೇಲೆ ಎಷ್ಟು ಆಸೆ ಇತ್ತು ಅನ್ನುವುದು ಆ ತುದಿಯಲ್ಲೇ ಗೊತ್ತಾಗುತ್ತಿತ್ತು. ಗಾಜಿನಣ್ಣ ಅದನ್ನು ಬಿಸಾಡಲಾರದೆ ಬಹಳ ಹೊತ್ತು ಬೆರಳಿಗೆ ಸುತ್ತಿಕೊಂಡು ಕೂತಿದ್ದ.

ಆಮೇಲೆ ಗಾಜು ಕೂರಿಸಿದ. ಪುಟ್ಟಿ ಮೆತ್ತಿ, ಸವರಿ, ಒರೆಸಿ, ಒಣಗಲು ಬಿಟ್ಟ. ಅವತ್ತು ಭಾನುವಾರವೂ ಆಗಿರಲಿಲ್ಲ. ಸೋದರಮಾವನಿಗೆ ಫೋನ್ ಮಾಡಿ ಮೊದಲು ಕಾಲು ಮುರಿಯುವ ಮಾತಿಗೆ ಕ್ಷಮೆ ಕೇಳಿದ. ಆಮೇಲೆ, "ಅವಳಿಗೆ ಕೊಡಿ ಮಾವಾ. ಮಾತು ಬೇಡ ಅಂದರೆ ಮಾತಾಡೋದು ಬೇಡ, ಕೇಳಿದರೆ ಸಾಕು" ಅಂದ. ಅವಳು ಫೋನು ಹಿಡಿದಿದ್ದಾಳೆ ಅಂತ ಉಸಿರಿನಲ್ಲೇ ತಿಳಿಯಿತು. ಗಾಜಿನಣ್ಣ ಫೋನನ್ನು ಕಿಟಕಿಯ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ಬಡಿದ.

ಟಣ್.

"ಇನ್ನೊಂದು ಸಲ" ಅಂದಳು ಆ ಕಡೆಯಿಂದ.

ಟಣ್.

"ನಂಬಿಕೆ ಇಲ್ಲ. ಬಂದು ನೋಡ್ತೀನಿ" ಎಂದಳು. "ನೋಡೋಕೆ ಅಷ್ಟೇ, ಇರೋಕಲ್ಲ."

ಬಂದಳು. ಮಗಳ ಕೈ ಹಿಡಿದುಕೊಂಡು, ಒಂದೇ ಒಂದು ಸಣ್ಣ ಚೀಲ ಹಿಡಿದುಕೊಂಡು ಬಂದಳು. ದೊಡ್ಡ ಸೂಟ್‌ಕೇಸುಗಳು ತವರಲ್ಲೇ ಉಳಿದಿದ್ದವು. ಗಾಜಿನಣ್ಣ ಚೀಲದ ತೂಕ ನೋಡಿ ಈ ಸಲ ಏನೂ ಕೇಳಲಿಲ್ಲ. ಅವಳು ಏನನ್ನು ತಂದಿಲ್ಲ ಅಂತ ಅಷ್ಟು ಹಗುರದಲ್ಲೇ ಅವನಿಗೆ ತಿಳಿದುಹೋಗಿತ್ತು. ಪಕ್ಕದ ಅಜ್ಜಿ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಬೇಲಿಯ ಹತ್ತಿರ ನಿಂತರು. ನೀರು ಗಿಡಕ್ಕೆ ಬೀಳದೆ ಅವರ ಚಪ್ಪಲಿಗೆ ಬೀಳುತ್ತಿತ್ತು.

ಹೆಂಡತಿ ನೇರ ಅಡುಗೆಮನೆಗೆ ಹೋದಳು. ಗಾಜನ್ನು ತಾನೇ ಬಡಿದು ನೋಡಿದಳು, ಅಂಚಿನ ಪುಟ್ಟಿಯ ಮೇಲೆ ಬೆರಳಾಡಿಸಿದಳು. ಮಲಗುವ ಕೋಣೆಗೆ ಹೋಗಿ ನೋಡಿದರೆ ಗೋಡೆಯ ಚೌಕ ಹಾಗೇ ಇತ್ತು.

"ಬೇರೆ ಫೋಟೋ ತಂದು ಹಾಕಲಿಲ್ವಾ?"

"ಅದೇ ಬೇಕು ಅಂತ ಖಾಲಿ ಬಿಟ್ಟೆ. ಅದು ಬರದಿದ್ದರೆ ಖಾಲಿಯೇ ಇರಲಿ."

ಅವಳು ನಡುಮನೆಗೆ ಬಂದಳು. ಕಣ್ಣು ಸುತ್ತ ಒಮ್ಮೆ ಹರಿಯಿತು, ಬಾಗಿಲ ಹಿಂದೆ ಹೋಗಿ ನಿಂತಿತು.

"ರೀ, ನಿಮ್ಮ ಕೋಟೆಲ್ಲಿ?"

"ಯಾವ ಕೋಟು?"

"ಯಾವ ಕೋಟಾ? ನಿಮಗಿರೋದೇ ಒಂದು ಒಳ್ಳೆ ಕೋಟು. ಆ ಮೊಳೇಲಿ ಇರ್ತಿತ್ತಲ್ಲ. ಎಡಗಡೆ ಜೇಬು ನಾನೇ ಹೊಲಿದಿದ್ದೆ."

ಗಾಜಿನಣ್ಣ ಮೊಳೆ ನೋಡಿದ. ಮೊಳೆಯಲ್ಲಿ ಅವನ ಚೀಲ ನೇತಾಡುತ್ತಿತ್ತು, ಕಳ್ಳತನವಾದ ದಿನದಿಂದಲೂ ನೇತಾಡುತ್ತಿತ್ತು. ಊರ ಅಂಗಡಿಗಳಲ್ಲೆಲ್ಲ ಹೊದಿಕೆಯ ನೀಲಿ ಹುಡುಕಿದವನು, ಗೊಂಬೆಯ ಕೂದಲು ವಿಚಾರಿಸಿದವನು, ತಾನು ತೊಡುವ ಕೋಟು ಹೋದದ್ದನ್ನು ಮಾತ್ರ ನೋಡಿರಲಿಲ್ಲ.

"ಹಾಗಾದರೆ ಅವನು ತಗೊಂಡದ್ದು ಅದೇ!" ಎಂದು ಕಿರುಚಿದ. ಇಷ್ಟು ದಿನದ ಮೇಲೆ ಒಂದು ನಿಜವಾದ ಕಳ್ಳತನ ಸಿಕ್ಕಿದ ಸಂತೋಷ ಆ ದನಿಯಲ್ಲಿ ತುಂಬಿತ್ತು.

"ಪೊಲೀಸಿಗೆ ನಾನು ಹೇಳ್ತೀನಿ!" ಬೇಲಿಯಾಚೆಯಿಂದ ಅಜ್ಜಿಯ ದನಿ ಬಂತು.

ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅಂಗಡಿಯಲ್ಲಿ ಕೊಟ್ಟ ತೆಳ್ಳನೆಯ ಅಂಗಿ, ಮೊಣಕೈಯ ಹತ್ತಿರ ಪುಟ್ಟಿ. ಹೊರಗೆ ಚಳಿಗಾಲ ಬೀದಿಯ ತುದಿಗೆ ಬಂದು ನಿಂತಿತ್ತು. ನಿಟ್ಟುಸಿರು ಬಿಟ್ಟು, ಫೋನು ತೆಗೆದು ತವರಿಗೆ ಮಾಡಿದಳು. ಆ ಕಡೆ ಫೋನು ಎತ್ತಿದ್ದು ಸೋದರಮಾವ ಅನ್ನುವುದು ನಡುಮನೆಯಲ್ಲಿದ್ದವರಿಗೆಲ್ಲ ಕೇಳಿಸಿತು.

"ಏನಮ್ಮಾ! ನೋಡಿ ಆಯಿತಾ! ಯಾವಾಗ ಹೊರಡ್ತೀಯಾ!"

"ನೋಡಿ ಆಯಿತು ಮಾವಾ" ಎಂದಳು ಅವಳು. "ಆದರೆ ಈಗಲೇ ಬರೋಕಾಗಲ್ಲ. ನಮ್ಮನೇಲಿ ಕಳ್ಳತನ ಆಗಿದೆ."